ಕಾಲ ಬುಡದ ನೀರು ಎಲ್ಲಿಂದ ಬಂತು?

2013ರ ಅಕ್ಟೋಬರ್‌ನಲ್ಲಿ ಟೊಯೋಟಾ ಕಂಪನಿ ಅಮೆರಿಕವೊಂದರಲ್ಲೇ ಸುಮಾರು 8,03,000 ಕಾರುಗಳನ್ನು ರಿಪೇರಿಗೆ ವಾಪಸ್ ಕರೆಸಿತು. 2012 ಮತ್ತು 2013ರ ಮಾದರಿಯ ಕ್ಯಾಮ್ರಿ, ಅವಲಾನ್, ವೆಂಜಾ ಕಾರುಗಳವು. ಎಂಜಿನ್ನಿನಲ್ಲಿ ದೋಷವಿರಲಿಲ್ಲ, ಬ್ರೇಕೂ ಸರಿಯಿತ್ತು. ತೊಂದರೆ ಕೊಟ್ಟದ್ದು ಎಸಿಯ ನೀರನ್ನು ಹೊರಗೆ ಬಿಡುವ ಒಂದು ಸಣ್ಣ ಪೈಪು. ಅದು ಕಟ್ಟಿಕೊಂಡಾಗ ನೀರು ಹಿಂದಕ್ಕೆ ಉಕ್ಕಿ, ಕೆಳಗೆ ಕೂತಿದ್ದ ಏರ್‌ಬ್ಯಾಗ್ ನಿಯಂತ್ರಣದ ಪೆಟ್ಟಿಗೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಶಾರ್ಟ್ ಆಗಿ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಹೊತ್ತಿಕೊಂಡ 35 ಪ್ರಕರಣಗಳೂ, ಅಪಘಾತವೇ ಇಲ್ಲದೆ ಏರ್‌ಬ್ಯಾಗ್ ಉಬ್ಬಿ ಚಾಲಕರ ಮುಖಕ್ಕೆ ಬಂದ 3 ಪ್ರಕರಣಗಳೂ ಕಂಪನಿಯ ಗಮನಕ್ಕೆ ಬಂದಿದ್ದವು. ಪೈಪಿನಲ್ಲಿ ಅಡ್ಡ ನಿಂತದ್ದೇನು ಎಂದು ಹುಡುಕಿದವರಿಗೆ ಮತ್ತೆ ಮತ್ತೆ ಸಿಕ್ಕಿದ್ದು ಜೇಡರ ಬಲೆ.

ಜೇಡಕ್ಕೆ ಹೆದರಿ ಎಂಟು ಲಕ್ಷ ಕಾರು ಕರೆಸಿದರು ಎಂದರೆ ಯಾರಿಗಾದರೂ ನಗು ಬರುತ್ತದೆ. ಆದರೆ ಜೂನ್ ತಿಂಗಳು ಕಾಲಿಟ್ಟ ಕೂಡಲೆ ಶಿವಮೊಗ್ಗದಿಂದ ಮಂಗಳೂರಿನವರೆಗೆ ಗ್ಯಾರೇಜುಗಳಲ್ಲಿ ಕೇಳಿಬರುವ "ಕಾರೊಳಗೆ ನೀರು ಬರ್ತಿದೆ" ಎಂಬ ದೂರಿನ ಬೇರು ಕೂಡ ಬಹಳ ಸಲ ಇಂಥದ್ದೇ ಕಟ್ಟಿಕೊಂಡ ಪೈಪಿನಲ್ಲಿರುತ್ತದೆ. ಜೇಡದ ಜಾಗದಲ್ಲಿ ಇಲ್ಲಿ ಹೊಂಗೆ ಹೂವಿರಬಹುದು, ಕೆಂಪು ಧೂಳಿರಬಹುದು, ಇಲಿ ಕಟ್ಟಿದ ಗೂಡಿರಬಹುದು.

ಕಾರೆಂದರೆ ನೀರು ಹೊಗದ ಡಬ್ಬಿ ಎಂದು ಬಹಳ ಜನ ನಂಬಿದ್ದಾರೆ. ಅದನ್ನು ರೂಪಿಸಿದವರ ಲೆಕ್ಕವೇ ಬೇರೆ. ಬಾಗಿಲಿನ ಗಾಜು ಇಳಿಯುವ ಸಂದಿನಲ್ಲಿ ಮಳೆನೀರು ಒಳಗಿಳಿದೇ ಇಳಿಯುತ್ತದೆ, ಸನ್‌ರೂಫಿನ ಅಂಚಿನಲ್ಲಿ ಜಿನುಗಿಯೇ ಜಿನುಗುತ್ತದೆ, ವೈಪರಿನ ಬುಡದ ಜಾಲರಿಯಲ್ಲಂತೂ ಧಾರಾಳವಾಗಿ ಸುರಿಯುತ್ತದೆ ಎಂದು ಅವರು ಮೊದಲೇ ಒಪ್ಪಿಕೊಂಡಿರುತ್ತಾರೆ. ಒಪ್ಪಿಕೊಂಡು, ಹಾಗೆ ಬಂದ ನೀರಿಗೆ ತಟ್ಟೆ, ಕಾಲುವೆ, ಕೊಳವೆ, ತೂತುಗಳನ್ನು ಇಟ್ಟು ನೆಲಕ್ಕೆ ಬಿಡುತ್ತಾರೆ. ಮಲೆನಾಡಿನ ಹೆಂಚಿನ ಮನೆಯಲ್ಲಿ ಎರಡು ಮಾಡುಗಳು ಕೂಡುವ ಕಡೆ ದೋಣಿ ಇಡುವುದೂ ಇದೇ ಲೆಕ್ಕದಲ್ಲಿ. ದೋಣಿಯಲ್ಲಿ ತರಗೆಲೆ ತುಂಬಿದರೆ ಜಗಲಿಯಲ್ಲಿ ನೀರು. ಹೆಂಚು ಬದಲಿಸಿ ಪ್ರಯೋಜನವಿಲ್ಲ.

ಆದರೂ ಕಾರಿನ ವಿಷಯಕ್ಕೆ ಬಂದರೆ ಎಲ್ಲರೂ ಮೊದಲು ಹೆಂಚನ್ನೇ ಬದಲಿಸುತ್ತಾರೆ. ನೀರು ಬಂತೆಂದರೆ ಬೀಡಿಂಗ್ ಹೋಗಿದೆ ಎಂಬ ತೀರ್ಮಾನ ಸಿದ್ಧ. ಹೊಸ ಬೀಡಿಂಗ್ ಹಾಕಿಸುವುದು, ಮುಂದಿನ ಗಾಜಿನ ಸುತ್ತ ಸಿಲಿಕೋನ್ ಬಳಿಸುವುದು, ಕೈಗೆ ಸಿಕ್ಕಿದ ತೂತಿಗೆಲ್ಲ ಎಂಸೀಲ್ ಮೆತ್ತುವುದು ಇವೆಲ್ಲ ಆದ ಮೇಲೂ ಮುಂದಿನ ಮಳೆಗೆ ಕಾರ್ಪೆಟ್ ಒದ್ದೆ. ಕೆಲವೊಮ್ಮೆ ಮೊದಲಿಗಿಂತ ಹೆಚ್ಚು ಒದ್ದೆ, ಏಕೆಂದರೆ ಮೆತ್ತಿದ ತೂತುಗಳಲ್ಲಿ ಒಂದೆರಡು ನೀರು ಹೊರಗೆ ಹೋಗಲೆಂದೇ ಇಟ್ಟವಾಗಿರುತ್ತವೆ.

ನೀರು ಕಂಡ ಜಾಗಕ್ಕೂ ನೀರು ಹೊಕ್ಕ ಜಾಗಕ್ಕೂ ಸಂಬಂಧ ಕಡಿಮೆ ಎಂಬುದು ಈ ಕೆಲಸದ ಮೊದಲ ತಲೆನೋವು. ಚಾವಣಿಯ ಮೂಲೆಯಲ್ಲಿ ಹೊಕ್ಕ ನೀರು ಕಂಬದೊಳಗೆ ಇಳಿದು, ವೈರಿನ ಕಟ್ಟಿನ ಮೇಲೆ ಜಾರಿ, ಸೀಟಿನ ಕೆಳಗೆ ಹೋಗಿ ನಿಲ್ಲುತ್ತದೆ. ಇಳಿಜಾರಿನಲ್ಲಿ ನಿಲ್ಲಿಸಿದರೆ ಮುಂದಿನದು ಹಿಂದಕ್ಕೆ, ಹಿಂದಿನದು ಮುಂದಕ್ಕೆ. ಆದ್ದರಿಂದ ಎಲ್ಲಿ ಎಂದು ಕೇಳುವುದಕ್ಕಿಂತ ಯಾವಾಗ ಎಂದು ಕೇಳಿಕೊಂಡರೆ ಬೇಗ ಉತ್ತರ ಸಿಗುತ್ತದೆ. ಮಳೆಯೇ ಇಲ್ಲದ ದಿನವೂ ಬರುತ್ತದೆಯೇ? ಕಾರು ನಿಂತಾಗ ಬರುತ್ತದೆಯೋ, ಬ್ರೇಕ್ ಒತ್ತಿದಾಗ ಮೇಲಿನಿಂದ ಸುರಿಯುತ್ತದೆಯೋ? ವಾಟರ್ ಸರ್ವಿಸ್ ಮಾಡಿಸಿದ ದಿನ ಮಾತ್ರವೇ?

ಬಿಸಿಲಿನ ದಿನವೂ ಮುಂದಿನ ಎಡ ಸೀಟಿನವರ ಕಾಲ ಬುಡ ಒದ್ದೆಯಾದರೆ ಅನುಮಾನ ನೇರವಾಗಿ ಎಸಿಯ ಮೇಲೆ ಹೋಗಬೇಕು. ಬಲಗಡೆ ಸ್ಟೀರಿಂಗ್ ಇರುವ ನಮ್ಮ ಬಹುತೇಕ ಕಾರುಗಳಲ್ಲಿ ಕೂಲಿಂಗ್ ಕಾಯಿಲ್ ಇರುವ ಪೆಟ್ಟಿಗೆ ಎಡಭಾಗದ ಡ್ಯಾಶ್‌ಬೋರ್ಡಿನ ಹಿಂದಿರುತ್ತದೆ. ಇಷ್ಟೊಂದು ನೀರು ಎಸಿಯಿಂದ ಬರುತ್ತದೆಯೇ ಎಂದು ಕೇಳುವವರಿಗೆ ಒಂದು ಲೆಕ್ಕ ಹೇಳಬಹುದು. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಅದನ್ನು 10 ಡಿಗ್ರಿಗೆ ತಂಪು ಮಾಡಿದರೆ ಉಳಿಯುವುದು ಸುಮಾರು 9 ಗ್ರಾಂ ಮಾತ್ರ. ಮಿಕ್ಕದ್ದೆಲ್ಲ ಕಾಯಿಲಿನ ಮೇಲೆ ಹನಿಯಾಗಿ ಇಳಿಯಲೇಬೇಕು. ಕುಂದಾಪುರದ ಮೇ ತಿಂಗಳ ಸೆಖೆಯಲ್ಲಿ ಎಸಿ ಹಾಕಿಕೊಂಡು ಒಂದು ಗಂಟೆ ಓಡಿಸಿದರೆ ನೀರು ಲೀಟರಿನ ಲೆಕ್ಕದಲ್ಲಿ ಬರುತ್ತದೆ. ಕಲಬುರಗಿಯ ಒಣ ಬಿಸಿಲಿನಲ್ಲಿ ಅಷ್ಟೇ ಹೊತ್ತು ಓಡಿಸಿದರೆ ಅದರ ಸ್ವಲ್ಪ ಭಾಗ ಮಾತ್ರ ಬರುತ್ತದೆ. ಹಾಗಾಗಿ ಪೈಪು ಅರ್ಧ ಕಟ್ಟಿಕೊಂಡಿದ್ದರೂ ಬಯಲುಸೀಮೆಯಲ್ಲಿ ಗೊತ್ತಾಗದ ದೋಷ ಕರಾವಳಿಯ ಪ್ರವಾಸಕ್ಕೆ ಹೋದ ದಿನ ಬಯಲಾಗುತ್ತದೆ.

ಪರೀಕ್ಷೆ ಬಹಳ ಸುಲಭ. ಸೆಖೆಯ ದಿನ ಹದಿನೈದಿಪ್ಪತ್ತು ನಿಮಿಷ ಎಸಿ ಓಡಿಸಿ, ಕಾರನ್ನು ಒಣನೆಲದ ಮೇಲೆ ನಿಲ್ಲಿಸಿ ಕೆಳಗೆ ಬಗ್ಗಿ ನೋಡುವುದು. ತಿಳಿನೀರು ತೊಟ್ಟಿಕ್ಕುತ್ತಿದ್ದರೆ ಎಲ್ಲ ಸರಿಯಿದೆ. ಕಾರಿನ ಕೆಳಗೆ ನೀರು ಕಂಡು ಗಾಬರಿಯಾಗಿ ಗ್ಯಾರೇಜಿಗೆ ಓಡುವವರಿದ್ದಾರೆ. ನಿಜವಾಗಿ ಗಾಬರಿಯಾಗಬೇಕಾದದ್ದು ನೀರು ಕಾಣದಿದ್ದಾಗ. ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆಯ ಕೆಳಭಾಗದಲ್ಲಿ ಸಣ್ಣ ರಬ್ಬರ್ ಮೂತಿಯೊಂದು ಹೊರಗೆ ಚಾಚಿಕೊಂಡಿರುತ್ತದೆ. ಎಸಿ ಫಿಲ್ಟರ್ ದಾಟಿ ಬಂದ ಧೂಳು ಕಾಯಿಲಿನ ತೇವಕ್ಕೆ ಅಂಟಿ, ಕೆಸರಾಗಿ, ಈ ಮೂತಿಯಲ್ಲಿ ಬಂದು ನಿಲ್ಲುತ್ತದೆ. ಕೆಳಗಿನಿಂದ ಮೆತ್ತನೆಯ ಬ್ರಷ್ ಆಡಿಸಿದರೆ ಅಥವಾ ಕಡಿಮೆ ಒತ್ತಡದಲ್ಲಿ ಗಾಳಿ ಬಿಟ್ಟರೆ ಕಪ್ಪು ಕೆಸರು ಬಂದು ಬೀಳುತ್ತದೆ, ಹಿಂದೆಯೇ ನೀರು ಸುರಿಯುತ್ತದೆ. ಕೆಳಗೆ ಮುಖ ಇಟ್ಟುಕೊಂಡು ಮಲಗಬಾರದು ಎಂಬ ಪಾಠವನ್ನು ಮೆಕ್ಯಾನಿಕ್‌ಗಳು ಒಂದೇ ಸಲಕ್ಕೆ ಕಲಿಯುತ್ತಾರೆ. ಗಟ್ಟಿ ಕಬ್ಬಿಣದ ತಂತಿ ತೂರಿಸುವುದು ಮಾತ್ರ ಬೇಡ. ಒಳಗಿನ ಕಾಯಿಲ್ ತೆಳು ಅಲ್ಯೂಮಿನಿಯಮ್ಮಿನದು. ಅದು ತೂತಾದರೆ ಗ್ಯಾಸ್ ಹೋಗಿ, ಡ್ಯಾಶ್‌ಬೋರ್ಡ್ ಬಿಚ್ಚುವ ಕೆಲಸಕ್ಕೆ ಬರುತ್ತದೆ.

ಒಳಗೆ ನಿಂತ ನೀರು ಅಂಟಂಟಾಗಿದ್ದು, ಬಣ್ಣವಿದ್ದು, ಸಿಹಿ ವಾಸನೆ ಬಂದರೆ ಅದು ಎಸಿಯದಲ್ಲ, ಹೀಟರಿನ ಕಾಯಿಲಿನಿಂದ ಸೋರಿದ ಕೂಲೆಂಟ್. ಅದು ವಿಷ. ಮಕ್ಕಳು, ನಾಯಿಗಳನ್ನು ದೂರವಿಟ್ಟು ಕಾರನ್ನು ತಜ್ಞರಿಗೆ ಒಪ್ಪಿಸಬೇಕು.

ಇನ್ನು ಮಳೆಗೇ ಬರುವ ನೀರು. ಇದರಲ್ಲಿ ದೊಡ್ಡ ಪಾಲು ವೈಪರಿನ ಬುಡದ್ದು. ಬಾನೆಟ್ ಮತ್ತು ಮುಂದಿನ ಗಾಜು ಕೂಡುವ ಕಡೆ ಕಪ್ಪು ಪ್ಲಾಸ್ಟಿಕ್ಕಿನ ಜಾಲರಿ ಇದೆಯಲ್ಲ, ಅದರ ಕೆಳಗೊಂದು ಅಗಲದ ಕಾಲುವೆ ಇದೆ. ಮೆಕ್ಯಾನಿಕ್‌ಗಳು ಅದನ್ನು ಕೌಲ್ ಎನ್ನುತ್ತಾರೆ. ಗಾಜಿನ ಮೇಲೆ ಬಿದ್ದ ಮಳೆಯೆಲ್ಲ ಇಲ್ಲಿಗಿಳಿದು, ಎರಡೂ ಬದಿಯ ತೂತುಗಳಿಂದ ಮುಂದಿನ ಚಕ್ರಗಳ ಹಿಂದೆ ಬೀಳುತ್ತದೆ. ಎಷ್ಟು ನೀರು? ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್. ಗಂಟೆಗೆ 50 ಮಿ.ಮೀ. ಸುರಿಯುವ ಜಡಿಮಳೆಯಲ್ಲಿ ಒಂದು ಚದರ ಮೀಟರ್ ಗಾಜಿನಿಂದ ಇಳಿಯುವುದು 50 ಲೀಟರ್, ಅಂದರೆ ಕುಡಿಯುವ ನೀರಿನ ಎರಡೂವರೆ ಕ್ಯಾನ್. ಚಾವಣಿಯಿಂದ ಇಳಿದು ಬರುವುದು ಬೇರೆ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಕಾಣುವ ಆಗುಂಬೆಯಂಥ ಊರಿನಲ್ಲಿ ಹೊರಗೆ ನಿಲ್ಲುವ ಕಾರಿನ ಕೌಲ್ ನೋಡುವ ನೀರು ಎಷ್ಟೆಂದು ಓದುಗರೇ ಗುಣಿಸಿಕೊಳ್ಳಬಹುದು.

ಕೌಲಿನ ತೂತು ಕಟ್ಟಿಕೊಂಡರೆ ಕಾಲುವೆ ತೊಟ್ಟಿಯಾಗುತ್ತದೆ. ಆ ತೊಟ್ಟಿಯ ಪಕ್ಕದಲ್ಲೇ ಕ್ಯಾಬಿನ್ನಿಗೆ ಹೊರಗಿನ ಗಾಳಿ ಎಳೆದುಕೊಳ್ಳುವ ಬ್ಲೋವರಿನ ಬಾಯಿ ಇರುತ್ತದೆ. ನೀರಿನ ಮಟ್ಟ ಆ ಬಾಯಿಯ ಅಂಚಿಗೆ ಏರಿತೆಂದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಬ್ಲೋವರ್ ಹಾಕಿದಾಗ ಗುಳುಗುಳು ಸದ್ದು, ಎಸಿ ಫಿಲ್ಟರ್ ತೆಗೆದರೆ ಒದ್ದೆ ಮುದ್ದೆ, ಕೊನೆಗೆ ಕಾಲ ಬುಡದಲ್ಲಿ ಕೊಚ್ಚೆ. ನೀರು ಬಂದದ್ದು ಎಡಗಡೆಯಾದ್ದರಿಂದ ಎಸಿಯ ಮೇಲೆ ಗುಮಾನಿ ಹೋಗುವುದೂ ಇದೆ. ಮಳೆ ನಿಂತು ಎರಡು ದಿನ ಬಿಸಿಲು ಕಾದ ಮೇಲೆ ಎಸಿ ಓಡಿಸಿ ನೋಡಿದರೆ ಅಪರಾಧಿ ಯಾರೆಂದು ಗೊತ್ತಾಗುತ್ತದೆ.

ತೂತು ಕಟ್ಟುವುದು ಯಾವುದರಿಂದ ಎಂಬುದು ಕಾರು ನಿಲ್ಲಿಸುವ ಮರದ ಮೇಲೆ ನಿಂತಿದೆ. ಹಲಸು, ತೇಗದಂಥ ದೊಡ್ಡ ಎಲೆಯ ಮರ ಕಣ್ಣಿಗೆ ಅಪಾಯವಾಗಿ ಕಂಡರೂ ಅದರ ಎಲೆ ಜಾಲರಿಯ ಮೇಲೆಯೇ ನಿಲ್ಲುತ್ತದೆ. ಕೈಯಿಂದ ತೆಗೆದು ಎಸೆದರೆ ಆಯಿತು. ಕೆಟ್ಟವು ಸಣ್ಣೆಲೆಯ ಮರಗಳು. ಗುಲ್ಮೊಹರ್, ಜಕರಂಡಗಳ ಪುಟಾಣಿ ಎಲೆ ಸಲೀಸಾಗಿ ಜಾಲರಿ ದಾಟುತ್ತದೆ. ಮಳೆಮರದ ಎಲೆಯೂ ಒಣಗಿ ಮುರುಟಿದರೆ ನುಸುಳಿಕೊಳ್ಳುತ್ತದೆ. ಕರಾವಳಿಯ ಗಾಳಿಮರದ ಸೂಜಿಗಳು ಒಂದರ ಮೇಲೊಂದು ಹೆಣೆದುಕೊಂಡು ಚಾಪೆಯೇ ಆಗುತ್ತವೆ. ಎಲ್ಲರಿಗೂ ಪ್ರಿಯವಾದ ಹೊಂಗೆಯ ನೆರಳೂ ಈ ವಿಷಯದಲ್ಲಿ ನಂಬಿಕೆಗೆ ಅರ್ಹವಲ್ಲ. ಹೂ ಉದುರುವ ಬೇಸಿಗೆಯಲ್ಲಿ ಒಂದು ರಾತ್ರಿ ಅದರ ಕೆಳಗೆ ನಿಂತ ಕಾರಿನ ಜಾಲರಿಯೊಳಗೆ ಹೂವಿನ ರಾಶಿ ಇಳಿದಿರುತ್ತದೆ. ಅದು ಮೊದಲ ಮಳೆಗೆ ಕೊಳೆತು ಗೊಬ್ಬರವಾಗಿ ತೂತಿನ ಬಾಯಿಗೆ ಬಂದು ಕೂರುತ್ತದೆ.

1908ರಲ್ಲಿ ಬರೋಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದು ಲಾಲ್‌ಬಾಗನ್ನು ನೋಡಿಕೊಂಡ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್, ಒಂದು ಜಾತಿಯ ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರ ಆಯ್ದು ನೆಡಿಸಿದರು. ವರ್ಷವಿಡೀ ಹೂವು ಎಂದರೆ ವರ್ಷವಿಡೀ ಉದುರುವುದು ಎಂದೂ ಅರ್ಥ. ಅವರ ಕಾಲದಲ್ಲಿ ಆ ಮರಗಳ ಕೆಳಗೆ ಜಟಕಾ ನಿಲ್ಲುತ್ತಿತ್ತು, ಜಟಕಾಕ್ಕೆ ಕೌಲ್ ಇರಲಿಲ್ಲ.

ಜರ್ಮನಿಯ ಕಾರುಗಳೇ ಈ ಕಸದ ವಿಷಯದಲ್ಲಿ ಅಮೆರಿಕದ ನ್ಯಾಯಾಲಯ ಹತ್ತಿದ ಕತೆಯೂ ಇದೆ. ಫೋಕ್ಸ್‌ವ್ಯಾಗನ್ ಮತ್ತು ಔಡಿ ಕಾರುಗಳ ಕೌಲಿನ ತೂತು, ಸನ್‌ರೂಫಿನ ಪೈಪುಗಳು ಎಲೆ, ಪರಾಗಗಳಿಂದ ಕಟ್ಟಿಕೊಂಡು ಒಳಗೆ ನೀರು ನುಗ್ಗುತ್ತದೆ ಎಂದು ಮಾಲೀಕರು 2007ರಲ್ಲಿ ನ್ಯೂಜೆರ್ಸಿಯಲ್ಲಿ ಮೊಕದ್ದಮೆ ಹೂಡಿದರು. ಹಳೆಯ ಪಸಾಟ್‌ನಲ್ಲಿ ಬಾಗಿಲಿನ ಲಾಕು, ಕಿಟಕಿಗಳನ್ನು ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನು ಚಾಲಕನ ಕಾಲ ಬುಡದ ಕಾರ್ಪೆಟ್ ಕೆಳಗೇ ಇಟ್ಟಿದ್ದರು. ನೀರು ನಿಲ್ಲುವ ಜಾಗದಲ್ಲೇ ಇಟ್ಟ ಆ ಪೆಟ್ಟಿಗೆ ಮುಳುಗಿತೆಂದರೆ ಕಿಟಕಿಗಳು ತಮಗೆ ತೋಚಿದಂತೆ ಏರಿಳಿಯುತ್ತಿದ್ದವು. ರಾಜಿಯಾಯಿತು, ರಿಪೇರಿಗೆ ಕೈಯಿಂದ ಖರ್ಚು ಮಾಡಿದವರಿಗೆ ಕೊಡಲು 80 ಲಕ್ಷ ಡಾಲರುಗಳ ನಿಧಿ ಗೊತ್ತಾಯಿತು. ಹಣ ಹಂಚುವ ರೀತಿ ಸರಿಯಿಲ್ಲವೆಂದು 2012ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಡೆದದ್ದರಿಂದ ಪ್ರಕರಣ ಇನ್ನಷ್ಟು ಎಳೆಯಿತು. ಆ ರಾಜಿಯಲ್ಲಿ ಹಣದ ಜೊತೆ ಇನ್ನೊಂದು ಅಂಶವಿತ್ತು: ಪೈಪುಗಳನ್ನು ಹೇಗೆ ಚೊಕ್ಕಟವಾಗಿಡಬೇಕೆಂದು ಮಾಲೀಕರಿಗೆ ತಿಳಿಸಿಕೊಡುವುದು. ಕಾರು ಕೊಟ್ಟ ದಿನ ಹೇಳಬಹುದಾಗಿದ್ದ ಮಾತು ವಕೀಲರ ಮೂಲಕ ಬಂತು.

ಕೌಲ್ ಚೊಕ್ಕಟ ಮಾಡುವುದು ಭಾನುವಾರ ಬೆಳಗಿನ ಕೆಲಸ. ಬಾನೆಟ್ ಎತ್ತಿ, ವೈಪರ್ ಕಡ್ಡಿಗಳ ಬುಡದ ನಟ್ ಬಿಚ್ಚಿ, ಜಾಲರಿಯ ಕ್ಲಿಪ್ಪುಗಳನ್ನು ನಿಧಾನಕ್ಕೆ ಎಬ್ಬಿಸಬೇಕು. ಹಳೆಯ ಕಾರಿನ ಕ್ಲಿಪ್ಪು ಬಿಸಿಲಿಗೆ ಬೆಂದು ಗರಿಗರಿಯಾಗಿರುತ್ತದೆ, ನಾಲ್ಕೈದು ಹೊಸವನ್ನು ತಂದಿಟ್ಟುಕೊಂಡಿರುವುದು ಜಾಣತನ. ಕಡ್ಡಿ ಕೂತಿದ್ದ ಜಾಗಕ್ಕೆ ಗಾಜಿನ ಮೇಲೆ ಒಂದು ಟೇಪ್ ಅಂಟಿಸಿ ಗುರುತಿಟ್ಟುಕೊಳ್ಳದಿದ್ದರೆ ವೈಪರ್ ಆಮೇಲೆ ಬಾನೆಟ್ಟಿಗೆ ಬಡಿಯುತ್ತದೆ. ಒಳಗಿನ ಕಸವನ್ನು ಮೊದಲು ಕೈಯಿಂದ ಬಾಚಿ ತೆಗೆಯಬೇಕು. ಹೋಸ್ ಹಿಡಿದು ತೊಳೆಯುವ ಆಸೆ ಎಲ್ಲರಿಗೂ ಆಗುತ್ತದೆ. ತೊಳೆದರೆ ಕಸವೆಲ್ಲ ನೇರ ತೂತಿಗೇ ಹೋಗಿ ಗಟ್ಟಿಯಾಗುತ್ತದೆ. ಕಸ ತೆಗೆದ ಮೇಲೆ ಒಂದು ಚೊಂಬು ನೀರು ಸುರಿದು ಎರಡೂ ಚಕ್ರಗಳ ಹಿಂದೆ ಬೀಳುತ್ತದೆಯೇ ಎಂದು ನೋಡುವುದು. ಕೆಲವು ಕಾರುಗಳಲ್ಲಿ ತೂತು ಬ್ಯಾಟರಿಯ ಅಡಿಯಲ್ಲಿರುತ್ತದೆ. ಬ್ಯಾಟರಿ ಬದಲಿಸುವ ದಿನ ಅದನ್ನೂ ನೋಡಿ ಎಂದು ಮೆಕ್ಯಾನಿಕ್‌ಗೆ ಹೇಳಿದರೆ ಎರಡು ಕೆಲಸ ಒಮ್ಮೆಗೇ ಮುಗಿಯುತ್ತದೆ.

ಸನ್‌ರೂಫಿನ ಕತೆ ಭಾರತದಲ್ಲಿ ಹೊಸದು. ಹಿಂದೆ ದುಬಾರಿ ಕಾರಿನವರಿಗಷ್ಟೇ ಇದ್ದ ಈ ಚಿಂತೆ, 2019ರ ಎಂಜಿ ಹೆಕ್ಟರ್, 2020ರ ಹ್ಯುಂಡೈ ಕ್ರೆಟಾಗಳ ಚಾವಣಿ ತುಂಬ ಗಾಜು ಬಂದ ಮೇಲೆ, 2022ರಲ್ಲಿ ಮಾರುತಿಯ ಬ್ರೆಝಾಕ್ಕೂ ಸನ್‌ರೂಫ್ ಬಂದ ಮೇಲೆ ಮಧ್ಯಮ ವರ್ಗದ ಮನೆಯಂಗಳಕ್ಕೆ ಇಳಿದಿದೆ. 2023ರಲ್ಲಿ ಒಬ್ಬರು ತಮ್ಮ ಮಹೀಂದ್ರ ಸ್ಕಾರ್ಪಿಯೋ-ಎನ್ ಕಾರನ್ನು ಬೆಟ್ಟದ ದಾರಿಯಲ್ಲಿ ಜಲಪಾತದ ಕೆಳಗೆ ನಿಲ್ಲಿಸಿದಾಗ ಚಾವಣಿಯ ಸ್ಪೀಕರು, ದೀಪಗಳಿಂದ ನೀರು ಸುರಿಯುವ ವಿಡಿಯೊ ದೇಶವೆಲ್ಲ ಓಡಾಡಿತು. ಕಂಪನಿ ಇನ್ನೊಂದು ಕಾರನ್ನು ಜಲಪಾತದ ಕೆಳಗೆ ನಿಲ್ಲಿಸಿ, ಒಂದು ಹನಿಯೂ ಒಳಗೆ ಬಾರದ ವಿಡಿಯೊ ಹಾಕಿ ಉತ್ತರ ಕೊಟ್ಟಿತು. ಯಾರು ಗೆದ್ದರು ಎಂಬ ಚರ್ಚೆ ವಾರಗಟ್ಟಲೆ ನಡೆಯಿತು. ಸನ್‌ರೂಫ್ ಕೆಲಸ ಮಾಡುವುದು ಹೇಗೆ ಎಂಬುದು ಮಾತ್ರ ಆ ಗದ್ದಲದಲ್ಲಿ ಹೆಚ್ಚು ಕೇಳಿಸಲಿಲ್ಲ.

ಗಾಜಿನ ಸುತ್ತಲಿನ ರಬ್ಬರ್ ನೀರನ್ನು ಪೂರ್ತಿ ತಡೆಯುವುದಿಲ್ಲ, ಹೆಚ್ಚಿನದನ್ನು ತಡೆಯುತ್ತದೆ. ಉಳಿದದ್ದು ಗಾಜಿನ ಕೆಳಗಿನ ಚೌಕಟ್ಟಿನ ತಟ್ಟೆಗೆ ಬೀಳುತ್ತದೆ. ತಟ್ಟೆಯ ಮೂಲೆಗಳಲ್ಲಿ ತೂತು, ಸಾಮಾನ್ಯವಾಗಿ ನಾಲ್ಕು. ಮುಂದಿನ ಎರಡು ಪೈಪುಗಳು ಗಾಜಿನ ಪಕ್ಕದ ಕಂಬಗಳೊಳಗಿಂದ ಇಳಿದು ಮುಂದಿನ ಬಾಗಿಲಿನ ಕೀಲಿನ ಆಸುಪಾಸಿನಲ್ಲಿ ಹೊರಬೀಳುತ್ತವೆ, ಹಿಂದಿನವು ಹಿಂಬದಿ ಕಂಬಗಳಲ್ಲಿಳಿದು ಚಕ್ರ ಅಥವಾ ಬಂಪರಿನ ಹಿಂದೆ. ಪೈಪಿನ ಒಳಗಾತ್ರ ಕಿರುಬೆರಳಿಗಿಂತ ಸಣ್ಣದು. ನಮ್ಮ ಕೆಂಪು ಮಣ್ಣಿನ ನಯವಾದ ಧೂಳು ಬೇಸಿಗೆಯಿಡೀ ತಟ್ಟೆಯಲ್ಲಿ ಕೂತು, ಮೊದಲ ಮಳೆಗೆ ಕಲಸಿ, ಪೈಪಿನ ತುದಿಯ ರಬ್ಬರ್ ಮೂತಿಯಲ್ಲಿ ಜೇಡಿಮಣ್ಣಾಗಿ ಗಟ್ಟಿಯಾಗುತ್ತದೆ. ತಟ್ಟೆ ತುಂಬುತ್ತದೆ. ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿದ ಕೂಡಲೆ ಹಣೆಯ ಮೇಲಿನ ದೀಪದಿಂದ ತಣ್ಣನೆಯ ನೀರು ತೊಡೆಯ ಮೇಲೆ ಬೀಳುವುದು ಈ ಕಾರಣಕ್ಕೆ.

ಪೈಪಿನ ಹೊರತುದಿಯಲ್ಲಿ ಮಣ್ಣಿನ ಗೂಡು ಕಟ್ಟುವ ಕಡಜಗಳನ್ನೂ ಮರೆಯುವಂತಿಲ್ಲ. ಕೊಳವೆ ಕಂಡರೆ ಅವಕ್ಕೆ ಸಿದ್ಧ ಮನೆ. 1996ರ ಫೆಬ್ರುವರಿ 6ರಂದು ಡೊಮಿನಿಕನ್ ಗಣರಾಜ್ಯದ ಪುಯೆರ್ಟೊ ಪ್ಲಾಟಾದಿಂದ ಹಾರಿದ ಬೋಯಿಂಗ್ 757 ಸಮುದ್ರಕ್ಕೆ ಬಿದ್ದು 189 ಜನ ಸತ್ತರು. ವೇಗ ಅಳೆಯುವ ಕೊಳವೆ ಕಟ್ಟಿಕೊಂಡದ್ದು ಕಾರಣವೆಂದೂ, ಕಟ್ಟಿದ್ದು ಬಹುಶಃ ಇಂಥದ್ದೇ ಕಡಜದ ಗೂಡೆಂದೂ ತನಿಖೆಗಾರರು ಶಂಕಿಸಿದರು. ಕಾರಿನಲ್ಲಿ ಅದರ ಪರಿಣಾಮ ಅಷ್ಟು ಭೀಕರವಲ್ಲ ಎಂಬುದು ಸಮಾಧಾನ.

ಸನ್‌ರೂಫ್ ತೆರೆದು, ಅಂಚಿನ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದು ಮೂಲೆಯ ತೂತಿಗೆ ಅರ್ಧ ಲೋಟ ನೀರನ್ನು ನಿಧಾನವಾಗಿ ಬಿಡಬೇಕು. ಕೆಳಗೆ ಒಬ್ಬರು ನೋಡುತ್ತಿರಬೇಕು. ಧಾರೆಯಾಗಿ ಬಿದ್ದರೆ ಪೈಪು ಚೊಕ್ಕ, ತೊಟ್ಟಿಕ್ಕಿದರೆ ಅರ್ಧ ಕಟ್ಟಿದೆ, ಬೀಳದಿದ್ದರೆ ಪೂರ್ತಿ ಕಟ್ಟಿದೆ ಅಥವಾ ಇನ್ನೂ ಕೆಟ್ಟದ್ದೇನೋ ಆಗಿದೆ. ಕಟ್ಟಿದ್ದನ್ನು ಬಿಡಿಸಲು ಒಳ್ಳೆಯ ಸಾಧನ ಅಡಿಕೆ ತೋಟದವರ ಮನೆಯಲ್ಲಿ ಯಾವಾಗಲೂ ಇರುತ್ತದೆ: ಕಳೆ ಕೊಚ್ಚುವ ಯಂತ್ರಕ್ಕೆ ಹಾಕುವ ನೈಲಾನ್ ದಾರ. ಬಾಗುತ್ತದೆ, ಆದರೆ ಮಡಚಿಕೊಳ್ಳುವುದಿಲ್ಲ, ಪೈಪನ್ನು ಚುಚ್ಚುವುದಿಲ್ಲ. ತುದಿಯನ್ನು ಬೆಂಕಿಗೆ ಹಿಡಿದು ಸ್ವಲ್ಪ ಗುಂಡಗೆ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಸ್ಕೂಟರಿನ ಹಳೆಯ ಕ್ಲಚ್ ಕೇಬಲ್ ತೂರಿಸುವ ಸಾಹಸ ಬೇಡ, ಅದರ ಬಿಚ್ಚಿಕೊಂಡ ಎಳೆಗಳು ಪೈಪನ್ನು ಹರಿಯುತ್ತವೆ.

ಪಂಕ್ಚರ್ ಅಂಗಡಿಯ ಗಾಳಿ ಬಿಡಿಸುವುದು ಎಲ್ಲರಿಗೂ ಹೊಳೆಯುವ ಉಪಾಯ, ಬಹಳ ಹಾನಿ ಮಾಡಿರುವುದೂ ಅದೇ. ಪೈಪನ್ನು ತಟ್ಟೆಯ ಮೂತಿಗೆ ಸುಮ್ಮನೆ ಸಿಕ್ಕಿಸಿರುತ್ತಾರೆ. ಮೇಲಿನಿಂದ ಜೋರು ಗಾಳಿ ಬಿಟ್ಟರೆ ಕೆಳಗಿನ ಕಸ ಹೋಗುವ ಮೊದಲು ಮೇಲಿನ ಕೊಂಡಿ ಕಳಚಿಕೊಳ್ಳುತ್ತದೆ. ಆಮೇಲೆ ತಟ್ಟೆಯ ನೀರೆಲ್ಲ ಕಂಬದೊಳಗೇ. ಸರಿಮಾಡಬೇಕೆಂದರೆ ಚಾವಣಿಯ ಬಟ್ಟೆ ಇಳಿಸಬೇಕು, ಅದರ ಅಂಚಿನಲ್ಲಿ ಪರದೆಯ ಏರ್‌ಬ್ಯಾಗ್‌ಗಳಿರುತ್ತವೆ; ಅದು ಅಂಗಳದಲ್ಲಿ ಮಾಡುವ ಕೆಲಸವಲ್ಲ.

ಬಾಗಿಲಿನದು ಸಣ್ಣ ವಿಷಯ, ಆದರೆ ಅಲ್ಲಿ ತಪ್ಪು ಮಾಡುವವರು ಹೆಚ್ಚಾಗಿ ನಾವೇ. ಗಾಜಿನ ಸಂದಿನಲ್ಲಿ ಇಳಿದ ನೀರು ಬಾಗಿಲಿನ ಹೊಟ್ಟೆಗೆ ಬಂದು ಅಡಿಯ ತೂತುಗಳಿಂದ ಹೋಗಬೇಕು. ತುಕ್ಕು ಹಿಡಿಯದಿರಲೆಂದು ಅಡಿಗೆ ಹೊಡೆಸುವ ಕೋಟಿಂಗ್ ಅಜಾಗರೂಕತೆಯಿಂದ ಆ ತೂತುಗಳನ್ನೇ ಮುಚ್ಚುತ್ತದೆ, ಬಾಗಿಲು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಬಾಗಿಲು ಹಾಕಿದಾಗ ಒಳಗೆ ನೀರು ಕುಲುಕುವ ಸದ್ದು ಬಂದರೆ ಹಳೆಯ ಟೂತ್‌ಬ್ರಷ್ ಹಿಡಿದು ಕೂರಬೇಕು. ಇನ್ನೊಂದು, ಬಾಗಿಲಿನ ಒಳಹೊದಿಕೆಯ ಹಿಂದೆ ನೀರು ಈಚೆ ಬಾರದಂತೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ಪ್ರತಿ ತಾಲ್ಲೂಕು ಕೇಂದ್ರದವರೆಗೆ ಕಾರಿಗೆ ಹೊಸ ಸ್ಪೀಕರ್ ಕೂರಿಸುವ ಅಂಗಡಿಗಳಿವೆ. ಅವಸರದ ಕೈ ಆ ಹಾಳೆಯನ್ನು ಹರಿದು ಹಾಗೇ ಬಿಟ್ಟರೆ ಸಂಗೀತದ ಜೊತೆಗೆ ನೀರೂ ಒಳಗೆ ಬರುತ್ತದೆ. ಸ್ಪೀಕರ್ ಹಾಕಿಸಿದ ಮೊದಲ ಮಳೆಗಾಲದಲ್ಲೇ ಬಾಗಿಲ ಬದಿಯ ಕಾರ್ಪೆಟ್ ಒದ್ದೆಯಾದರೆ ಬೇರೆ ಕಡೆ ಹುಡುಕಬೇಕಿಲ್ಲ.

ಡಿಕ್ಕಿಯಲ್ಲಿ ಸ್ಟೆಪ್ನಿಯ ಗುಂಡಿ ತುಂಬುವುದು ಹಿಂದಿನ ಸನ್‌ರೂಫ್ ಪೈಪಿನಿಂದಲೂ ಆಗಬಹುದು, ಟೇಲ್ ಲ್ಯಾಂಪಿನ ಹಿಂದಿನ ರಬ್ಬರಿನಿಂದಲೂ ಆಗಬಹುದು. ಗುಂಡಿಯ ತಳದ ರಬ್ಬರ್ ಬಿರಡೆ ಕಿತ್ತು ನೀರು ಬಿಡಬಹುದು. ಬಿರಡೆಯನ್ನು ಮತ್ತೆ ಹಾಕಲು ಮರೆತರೆ ಇನ್ನು ಮುಂದೆ ರಸ್ತೆಯ ನೀರೂ ಬರುತ್ತದೆ.

ದಾರಿ ಬಿಡಿಸಿದ ಮೇಲೆ ಒಳಗಿನದನ್ನು ಒಣಗಿಸುವ ಕೆಲಸ ಉಳಿಯುತ್ತದೆ. ಬಹುಪಾಲು ಜನ ಇಲ್ಲಿ ಸೋಲುತ್ತಾರೆ. ಕಾರ್ಪೆಟ್ ಮುಟ್ಟಿದರೆ ಒಣಗಿದಂತಿರುತ್ತದೆ, ಅದರ ಅಡಿಯ ದಪ್ಪ ಫೋಮ್ ಲೀಟರುಗಟ್ಟಲೆ ನೀರು ಕುಡಿದು ಸುಮ್ಮನಿರುತ್ತದೆ. ಅದರ ಮೇಲೆ ಈಗ ಎಲ್ಲರೂ ಹಾಕಿಸುವ ದಪ್ಪ 7ಡಿ ಮ್ಯಾಟು ಇದ್ದರೆ ತೇವ ಆರುವ ಮಾತೇ ಇಲ್ಲ. ವರ್ಷಗಟ್ಟಲೆ ಕೆಳಗೆ ಕೊಳೆತರೂ ಮೇಲಿನವರಿಗೆ ಗೊತ್ತಾಗದು. ಮಳೆಯಿಲ್ಲದ ಬೆಳಗ್ಗೆಯೂ ಗಾಜುಗಳ ಒಳಬದಿ ಮಂಜಾಗಿದ್ದರೆ, ಬಾಗಿಲು ತೆಗೆದಾಗ ಮುಗ್ಗು ವಾಸನೆ ಬಂದರೆ ಮ್ಯಾಟು ಎತ್ತಿ ಫೋಮನ್ನು ಒತ್ತಿ ನೋಡಬೇಕು. ಒದ್ದೆಯಾದದ್ದು 24ರಿಂದ 48 ಗಂಟೆಯೊಳಗೆ ಒಣಗದಿದ್ದರೆ ಬೂಷ್ಟು ಹಿಡಿಯುತ್ತದೆ. ಆಸ್ತಮಾ ಇರುವವರು ಆ ಕಾರಿನಲ್ಲಿ ಎಸಿ ಹಾಕಿಕೊಂಡು ಕೂರುವುದು ಒಳ್ಳೆಯದಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಸೆಂಟಿನ ಬಾಟಲಿ ಇಟ್ಟರೆ ವಾಸನೆ ಎರಡಾಗುತ್ತದೆ, ಅಷ್ಟೇ.

ಸರಿಯಾಗಿ ಒಣಗಿಸಲು ಮುಂದಿನ ಸೀಟು ಬಿಚ್ಚಿ, ಕಾರ್ಪೆಟ್ಟನ್ನು ನೆಲದಿಂದ ಎತ್ತಿ, ಕೆಳಗೆ ಮರದ ತುಂಡು ಕೊಟ್ಟು ಫ್ಯಾನ್ ಹಚ್ಚಬೇಕು. ಅದಕ್ಕೆ ಮೊದಲು ನೀರನ್ನು ಹೀರುವ ವ್ಯಾಕ್ಯೂಮ್ ಓಡಿಸಿದರೆ ಅರ್ಧ ಕೆಲಸ ಆದಂತೆ. ಸೀಟಿನ ಕೆಳಗಿನ ವೈರುಗಳಲ್ಲಿ ಏರ್‌ಬ್ಯಾಗ್ ಮತ್ತು ಬೆಲ್ಟಿಗೆ ಸೇರಿದವು ಇರುತ್ತವೆ, ಸಾಮಾನ್ಯವಾಗಿ ಹಳದಿ ಬಣ್ಣದ ಕನೆಕ್ಟರ್. ಬ್ಯಾಟರಿಯ ನೆಗೆಟಿವ್ ತೆಗೆದು ಸ್ವಲ್ಪ ಹೊತ್ತು ಬಿಡದೆ ಅವನ್ನು ಮುಟ್ಟಬಾರದು, ಕನೆಕ್ಟರ್ ಬಿಚ್ಚಿಟ್ಟು ಕೀಲಿ ತಿರುಗಿಸಬಾರದು. ಆಷಾಢದ ಮಲೆನಾಡಿನಲ್ಲಿ ಬಟ್ಟೆಗಳನ್ನು ಬಚ್ಚಲೊಲೆಯ ಮೇಲೆ ಒಣಗಿಸುವ ರೂಢಿ ಇದೆ. ಕಾರ್ಪೆಟ್ಟಿಗೆ ಆ ಭಾಗ್ಯವಿಲ್ಲ, ಕರಗಿಹೋಗುತ್ತದೆ. ಅಂಥ ಊರಿನವರು ಈ ಕೆಲಸವನ್ನು ಮೇ ತಿಂಗಳಲ್ಲೇ ಮುಗಿಸುವುದು ಲೇಸು.

ಒಣಗಿಸದೆ ಬಿಟ್ಟರೆ ಬರುವ ರೋಗಗಳು ನೀರಿನ ಹೆಸರಿನಲ್ಲಿ ಬರುವುದಿಲ್ಲ. ತಾಮ್ರದ ತಂತಿ ನಿಧಾನವಾಗಿ ಹಸಿರು ಹಿಡಿಯುತ್ತದೆ. ಎರಡು ತಿಂಗಳ ನಂತರ ಸೆಂಟ್ರಲ್ ಲಾಕ್ ತಾನಾಗಿ ಬೀಳುತ್ತದೆ, ಏರ್‌ಬ್ಯಾಗ್ ದೀಪ ಹತ್ತುತ್ತದೆ, ರಾತ್ರಿಯೆಲ್ಲ ಬ್ಯಾಟರಿ ಇಳಿಯುತ್ತದೆ. ಒಂದು ಸೆನ್ಸರ್ ಬದಲಿಸಿದರೆ ಇನ್ನೊಂದು ಕೆಡುತ್ತದೆ. ಇಂಥ ಸರಣಿ ಕಾಯಿಲೆಗೆ ಬಿಲ್ಲು ಹಾಕುವ ಮೊದಲು ಕಾರ್ಪೆಟ್ ಎತ್ತಿ ನೋಡುವ ಮೆಕ್ಯಾನಿಕ್ ಸಿಕ್ಕರೆ ಅವರನ್ನು ಬಿಡಬಾರದು. ವಿಮೆಯನ್ನು ನೆಚ್ಚಿಕೊಳ್ಳುವುದೂ ಕಷ್ಟ. ಸಮಗ್ರ ಪಾಲಿಸಿ ನೆರೆಯಿಂದಾದ ಹಾನಿಗೆ ಕೊಡುತ್ತದೆ; ಸವಕಳಿ, ಎಲೆಕ್ಟ್ರಿಕಲ್ ಕೆಡುಕುಗಳನ್ನು ಹೊರಗಿಡುತ್ತದೆ. ಕಸ ಕಟ್ಟಿದ ಪೈಪಿನಿಂದ ತಿಂಗಳುಗಟ್ಟಲೆ ಜಿನುಗಿದ ನೀರನ್ನು ನೆರೆ ಎಂದು ಒಪ್ಪಿಸುವುದು ಸುಲಭವಲ್ಲ.

ಹಳೆಯ ಕಾರು ಕೊಳ್ಳುವವರಿಗೆ ಈ ವ್ಯತ್ಯಾಸ ಇನ್ನೂ ಮುಖ್ಯ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಲಿನ ಬಡಾವಣೆಗಳು ಮುಳುಗಿದಾಗ ನೀರಿನಲ್ಲಿ ನಿಂತ ಕಾರುಗಳನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದಾರೆ. ಅಂಥ ಕಾರೋ, ಬರೀ ಪೈಪು ಕಟ್ಟಿಕೊಂಡ ಕಾರೋ ಎಂದು ತಿಳಿಯಲು ಮುಂದಿನ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಬಹುದು. ಯಾವಾಗಲೂ ಸುತ್ತಿಕೊಂಡೇ ಇರುವ ಕೊನೆಯ ಮೊಳದಲ್ಲಿ ಕೆಸರಿನ ಗೆರೆ ಇದ್ದರೆ, ಡ್ಯಾಶ್‌ಬೋರ್ಡಿನ ಹಿಂದಿನ ಕಬ್ಬಿಣದ ಪಟ್ಟಿಗಳಲ್ಲೂ ತುಕ್ಕಿದ್ದರೆ ಕಾರು ಮುಳುಗಿದ್ದಿರಬೇಕು, ಮಾತು ಮುಂದುವರಿಸುವುದು ಬೇಡ. ಬೆಲ್ಟ್ ಚೊಕ್ಕವಾಗಿದ್ದು, ಎಡ ಸೀಟಿನ ಹಳಿಯ ಬೋಲ್ಟುಗಳಲ್ಲಷ್ಟೇ ತುಕ್ಕು ಕಂಡರೆ ನೀರು ಎಸಿಯಿಂದಲೋ ಕೌಲಿನಿಂದಲೋ ಬಂದಿರುವ ಸಾಧ್ಯತೆ ಹೆಚ್ಚು. ಒಂದು ಮಗ್ಗು ನೀರು ತರಿಸಿ ಮಾರುವವರ ಮುಂದೆಯೇ ವೈಪರಿನ ಬುಡಕ್ಕೆ ಸುರಿದು, ಹತ್ತು ನಿಮಿಷ ಎಸಿ ಹಾಕಿಸಿ, ಕೆಳಗೆ ಬಗ್ಗಿ ನೋಡಿ, ಕಾರ್ಪೆಟ್ ಬಿಚ್ಚಿ ಒಣಗಿಸುವ ಖರ್ಚನ್ನು ಬೆಲೆಯಿಂದ ಕಡಿಮೆ ಮಾಡಿಸಿ ಕಾರನ್ನು ಕೊಳ್ಳಬಹುದು.